ಹಳೆಯ ಗಡಿಯಾರದ ಬೆಲೆ

ಕಾಲವನ್ನು ಅಳೆಯಬೇಕೆಂಬ ಬಯಕೆ ಮನುಷ್ಯನಿಗೆ ಬಹು ಹಿಂದಿನಿಂದಲೂ ಇದೆ. ನೆಲಕ್ಕೆ ನೆಟ್ಟ ಕೋಲಿನ ನೆರಳನ್ನು ನೋಡಿ ಹೊತ್ತು ಹೇಳುತ್ತಿದ್ದ ಕಾಲವೊಂದಿತ್ತು. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವಷ್ಟು ಹೊತ್ತನ್ನು ಒಂದು ಗಳಿಗೆ ಎಂದು ಎಣಿಸುವ ಪದ್ಧತಿಯೂ ಈ ನಾಡಿನಲ್ಲಿ ರೂಢಿಯಲ್ಲಿತ್ತು. ಅಂತಹ 60 ಗಳಿಗೆ ಕೂಡಿದರೆ ಒಂದು ದಿನ. ಇಂದಿನ ಲೆಕ್ಕದಲ್ಲಿ ಒಂದು ಗಳಿಗೆಯೆಂದರೆ 24 ನಿಮಿಷ. 1656ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ರಿಶ್ಚಿಯನ್ ಹೈಗನ್ಸ್ ಲೋಲಕದಿಂದ ನಡೆಯುವ ಗಡಿಯಾರವನ್ನು ರೂಪಿಸಿದ ಮೇಲೆ ಕಾಲಗಣನೆಯ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ದಿನಕ್ಕೆ ಹಲವು ನಿಮಿಷ ತಪ್ಪುತ್ತಿದ್ದ ಯಂತ್ರಗಳು ಕೆಲವೇ ಸೆಕೆಂಡುಗಳ ಲೆಕ್ಕಕ್ಕೆ ಬಂದವು. ಕ್ರಮೇಣ ಗಡಿಯಾರವು ಅರಮನೆಯಿಂದ ಶ್ರೀಮಂತರ ಮನೆಗೂ, ಅಲ್ಲಿಂದ ಸಾಮಾನ್ಯ ಗೃಹಸ್ಥರ ನಡುಮನೆಗೂ ಇಳಿದು ಬಂದಿತು.

ಗುಂಡ್ಲುಪೇಟೆಯ ಒಂದು ಹಳೆಯ ತೊಟ್ಟಿಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ನಡುಮನೆಯ ಗೋಡೆಯ ಗೂಡಿನಲ್ಲಿ ಮೊಳದಷ್ಟು ಎತ್ತರದ ಕಪ್ಪು ಗಡಿಯಾರವೊಂದಿದೆ. ಅದರ ನೆತ್ತಿಯ ಮೇಲೆ ಕುದುರೆಯನ್ನು ಹಿಡಿದ ವೀರನ ಲೋಹದ ಬೊಂಬೆ. ಎರಡು ಪಕ್ಕಗಳಲ್ಲಿ ಹೊಂಬಣ್ಣದ ಕಂಬಗಳು. ಅದನ್ನು ತಂದವರು ಯಜಮಾನರ ಅಜ್ಜ. ಅದು ನಿಂತು ಹತ್ತು ವರ್ಷವಾಗಿದೆ. ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚುಗಳನ್ನು ಬದಲಾಯಿಸಬೇಕು; ಕೈಯಲ್ಲಿ ಹಣವಿಲ್ಲ. ಆ ಹೊತ್ತಿಗೆ ಸರಿಯಾಗಿ ಹಳೆಯ ಸಾಮಾನು ಕೊಳ್ಳುವವನೊಬ್ಬ ಬಾಗಿಲಿಗೆ ಬಂದು, “ನಿಂತುಹೋದ ಗಡಿಯಾರ ಇಟ್ಟುಕೊಂಡು ಏನು ಮಾಡುತ್ತೀರಿ ಸ್ವಾಮಿ? ಹಿತ್ತಾಳೆಯ ತೂಕಕ್ಕೆ ಹಾಕಿಕೊಂಡು ಕಾಸು ಕೊಡುತ್ತೇನೆ” ಎನ್ನುತ್ತಾನೆ. ಪಟ್ಟಣದಲ್ಲಿ ಓದುತ್ತಿರುವ ಮೊಮ್ಮಗನಾದರೋ, “ಕೊಡಬೇಡಿ ತಾತ, ಇಂಥದು ಲಕ್ಷಗಟ್ಟಲೆ ಬೆಲೆ ಬಾಳುತ್ತದಂತೆ” ಎಂದು ತಡೆಯುತ್ತಾನೆ. ಇಬ್ಬರಲ್ಲಿ ಯಾರ ಮಾತು ನಿಜ? ಪರೀಕ್ಷೆ ಮಾಡದೆ ಇದಕ್ಕೆ ಉತ್ತರ ಹೇಳಲಾಗದು. ಹಳೆಯ ವಸ್ತುವಿನ ಸ್ಥಿತಿಯನ್ನೂ ಮೌಲ್ಯವನ್ನೂ ಅರಿಯುವುದು ಒಂದು ವಿದ್ಯೆ; ಆ ವಿದ್ಯೆಯ ಮೊದಲ ಪಾಠಗಳು ಕಣ್ಣು, ಕಿವಿ, ಕೈಗಳಿಂದಲೇ ಕಲಿಯತಕ್ಕವು.

ಇಂತಹ ಗಡಿಯಾರ ಹುಟ್ಟಿದ್ದು ಶೀತದೇಶಗಳಲ್ಲಿ. ಅಲ್ಲಿನ ಮನೆಗಳಲ್ಲಿ ಚಳಿ ಕಾಯಿಸಲು ಗೋಡೆಯೊಳಗೆ ಅಗ್ಗಿಷ್ಟಿಕೆಯಿರುತ್ತದೆ. ಅದರ ಮೇಲಿನ ಹಲಗೆಯೇ ಮನೆಯ ಶೋಭೆಯ ಸ್ಥಾನ. ಆ ಹಲಗೆಯ ಮೇಲಿಡಲೆಂದೇ ಅಲಂಕಾರದ ಗಡಿಯಾರಗಳನ್ನು ಮಾಡುತ್ತಿದ್ದರು. ಬಯಲುಸೀಮೆಯ ಮನೆಗಳಿಗೆ ಅಗ್ಗಿಷ್ಟಿಕೆಯ ಅಗತ್ಯವಿಲ್ಲ. ಆದರೆ ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳನ್ನು ಹಾದು ಉದಕಮಂಡಲಕ್ಕೆ ಏರುವ ದಾರಿಯ ಕೊನೆಯಲ್ಲಿ, ನೀಲಗಿರಿಯ ತಂಪಿನಲ್ಲಿ, ಆಂಗ್ಲರು ಕಟ್ಟಿಸಿದ ಬಂಗಲೆಗಳಲ್ಲಿ ಅಗ್ಗಿಷ್ಟಿಕೆಗಳಿದ್ದವು. ಹೀಗೆ ಈ ಬಗೆಯ ಗಡಿಯಾರ ಬಯಲುಸೀಮೆಯ ಮನೆಗೆ ಬಂದಾಗ ಗೋಡೆಯ ಗೂಡಿನಲ್ಲಿಯೋ ಬೀರುವಿನ ಮೇಲೆಯೋ ನೆಲಸಬೇಕಾಯಿತು. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಕಾಲಮಾನ ಜಾರಿಗೆ ಬಂದ ಮೇಲೆ ಗಡಿಯಾರದ ಅಗತ್ಯ ಇನ್ನಷ್ಟು ಹೆಚ್ಚಿತು. ಚಾಮರಾಜನಗರವು ಆ ಕಾಲಮಾನದ ರೇಖಾಂಶಕ್ಕಿಂತ ಪಶ್ಚಿಮಕ್ಕಿರುವುದರಿಂದ, ಅಲ್ಲಿ ಸೂರ್ಯನು ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ ಹನ್ನೆರಡು ಗಂಟೆ ಇಪ್ಪತ್ತೆರಡು ನಿಮಿಷವಾಗಿರುತ್ತದೆ. ನೆರಳನ್ನು ನೋಡಿ ರೈಲಿಗೆ ಹೊರಟರೆ ಆಗದೆಂಬುದು ಜನರಿಗೆ ಹೀಗೆ ತಿಳಿಯಿತು.

ಪರೀಕ್ಷೆಯ ಮೊದಲ ಹೆಜ್ಜೆ ಗಡಿಯಾರದ ಊರು ಮತ್ತು ವಯಸ್ಸನ್ನು ಗುರುತಿಸುವುದು. ಮುಖಫಲಕದ ಮೇಲೆ ಬರೆದ ಹೆಸರು ಕೆಲವೊಮ್ಮೆ ಮಾರಿದ ಅಂಗಡಿಯದಾಗಿರುತ್ತದೆ. ಆದ್ದರಿಂದ ಹಿಂದಿನ ಬಾಗಿಲನ್ನು ತೆರೆದು, ಯಂತ್ರದ ಹಿತ್ತಾಳೆ ಫಲಕದ ಮೇಲೆ ಒತ್ತಿದ ಮುದ್ರೆಯನ್ನು ನೋಡಬೇಕು. ಫ್ರಾನ್ಸಿನ ಜಪಿ ಫ್ರೇರ್, ಅಮೆರಿಕದ ಸೆತ್ ಥಾಮಸ್ ಮತ್ತು ಆನ್ಸೋನಿಯಾ, ಜರ್ಮನಿಯ ಯುಂಗ್‌ಹಾನ್ಸ್, ಜಪಾನಿನ ಸೇಕೋಶಾ ಇವು ಹೆಸರಾಂತ ತಯಾರಕ ಸಂಸ್ಥೆಗಳು. ಯುಂಗ್‌ಹಾನ್ಸ್ 1861ರಲ್ಲಿ ಆರಂಭವಾಯಿತು, ಸೇಕೋಶಾ 1892ರಲ್ಲಿ. ಆದ್ದರಿಂದ ಸೇಕೋಶಾ ಮುದ್ರೆಯಿರುವ ಗಡಿಯಾರವನ್ನು ಯಾರಾದರೂ 1857ರ ದಂಗೆಯ ಕಾಲದ್ದೆಂದು ಹೇಳಿದರೆ ಆ ಮಾತು ನಿಲ್ಲಲಾರದು. 1887ರಲ್ಲಿ ಬ್ರಿಟನ್ನಿನಲ್ಲಿಯೂ 1890ರಲ್ಲಿ ಅಮೆರಿಕದಲ್ಲಿಯೂ ಆದ ಕಾನೂನುಗಳಿಂದಾಗಿ, ಪರದೇಶದಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಒತ್ತುವ ರೂಢಿ ಬೆಳೆಯಿತು. ಇಂಗ್ಲಿಷಿನಲ್ಲಿ ‘ಮೇಡ್ ಇನ್ ಜರ್ಮನಿ’ ಎಂದಿದ್ದರೆ ಆ ಗಡಿಯಾರ ಬಹುಮಟ್ಟಿಗೆ ಆ ಬಳಿಕದ್ದು. ಅಮೆರಿಕದ ಯಂತ್ರಗಳ ಮೇಲೆ ಕಾಣುವ ಪೇಟೆಂಟಿನ ತಾರೀಖಾದರೋ ಆ ಉಪಾಯಕ್ಕೆ ಹಕ್ಕು ದೊರೆತ ದಿನ. ಗಡಿಯಾರ ತಯಾರಾದ ದಿನವಲ್ಲ. ಗಡಿಯಾರ ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಅದರಿಂದ ತಿಳಿಯಬಹುದು.

ಸಣ್ಣ ವಿವರವೂ ದೊಡ್ಡ ಸಾಕ್ಷಿಯಾಗಬಲ್ಲದು. ತಲೆಯಲ್ಲಿ ನಕ್ಷತ್ರದಂತೆ ಅಡ್ಡಗೀರುಳ್ಳ ತಿರುಪುಮೊಳೆ ಬಳಕೆಗೆ ಬಂದದ್ದು 1930ರ ದಶಕದಲ್ಲಿ. 1880ರದೆಂದು ಹೇಳುವ ಗಡಿಯಾರದಲ್ಲಿ ಅಂತಹ ತಿರುಪು ಕಂಡರೆ, ಯಾರೋ ಆಮೇಲೆ ಕೈ ಹಾಕಿದ್ದಾರೆ ಎಂದು ಅರ್ಥ. ಫ್ರಾನ್ಸಿನ ಹಲವು ಯಂತ್ರಗಳಲ್ಲಿ ಹಿಂದಿನ ಫಲಕದ ಮೇಲೆ ಕೊರೆದ ಸಂಖ್ಯೆಯನ್ನೇ ಲೋಲಕದ ಗುಂಡಿನ ಮೇಲೂ ಕೊರೆದಿರುವುದುಂಟು. ಎರಡು ಸಂಖ್ಯೆಗಳೂ ಒಂದೇ ಆಗಿದ್ದರೆ ಲೋಲಕವು ಮೂಲದ್ದೆಂದು ನಂಬಬಹುದು. ಬೇರೆಯಾಗಿದ್ದರೆ ಮತ್ತೊಂದು ಗಡಿಯಾರದಿಂದ ತಂದು ಸೇರಿಸಿದ್ದು.

ಎರಡನೆಯ ಹೆಜ್ಜೆ ಹೊರಕವಚದ ಪರೀಕ್ಷೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಗಿರುವುದೆಲ್ಲ ಕಲ್ಲೂ ಅಲ್ಲ. ಚಾಮರಾಜನಗರದ ಸುತ್ತಿನ ಕರಿಕಲ್ಲಿನ ನುಣುಪನ್ನು ಕಂಡವರಿಗೆ ಕಲ್ಲಿನ ಹೊಳಪು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಫ್ರೆಂಚರು ಬೆಲ್ಜಿಯಂ ದೇಶದ ಕಪ್ಪು ಕಲ್ಲಿನಿಂದ ಗುಡಿಯಾಕಾರದ ಗಡಿಯಾರಗಳನ್ನು ಮಾಡಿದರು. ಅವು ಜನಪ್ರಿಯವಾಗಲು, ಅಮೆರಿಕದವರು ಎರಕದ ಕಬ್ಬಿಣಕ್ಕೆ ಕಪ್ಪು ಬಣ್ಣ ಹಚ್ಚಿ ಅದೇ ರೂಪವನ್ನು ತಂದರು. ಮರದ ಪೆಟ್ಟಿಗೆಯ ಮೇಲೆ ಸೆಲ್ಯುಲಾಯ್ಡಿನ ತೆಳುಹಾಳೆಯನ್ನು ಅಂಟಿಸಿ ಕಲ್ಲಿನ ಭ್ರಮೆಯನ್ನು ಹುಟ್ಟಿಸಿದರು. ಇವನ್ನು ಬೇರ್ಪಡಿಸುವುದು ಕಷ್ಟವಲ್ಲ. ಕಲ್ಲು ಮುಟ್ಟಿದರೆ ತಣ್ಣಗಿರುತ್ತದೆ, ಎತ್ತಿದರೆ ಭಾರವಾಗಿರುತ್ತದೆ. ಕಬ್ಬಿಣಕ್ಕೆ ಅಯಸ್ಕಾಂತ ಅಂಟುತ್ತದೆ. ಮರದ್ದು ಹಗುರವಾಗಿದ್ದು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಕೊಡುತ್ತದೆ.

ಬೊಂಬೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕಂಚಿನ ಬೊಂಬೆಗೆ ಬೆಲೆ ಹೆಚ್ಚು. ಆದರೆ ಅನೇಕ ಬೊಂಬೆಗಳು ಸತುವಿನ ಎರಕ. ಮೇಲೆ ಕಂಚಿನ ಬಣ್ಣ ಮಾತ್ರ. ಬೊಂಬೆಯ ತಳದಲ್ಲಿ, ಕಣ್ಣಿಗೆ ಬೀಳದ ಕಡೆ, ಹಿಂದೆಯೇ ಬಿದ್ದ ಗೀರು ಇದೆಯೇ ಎಂದು ಹುಡುಕಬೇಕು. ಗೀರಿನೊಳಗೆ ಹಳದಿ ಮಿನುಗಿದರೆ ಅದು ಕಂಚು ಅಥವಾ ಹಿತ್ತಾಳೆ; ಬೂದುಬಿಳುಪು ಕಂಡರೆ ಸತು. ತಟ್ಟಿದಾಗ ಕಂಚು ದೇವರ ಮನೆಯ ಗಂಟೆಯಂತೆ ನಾದವನ್ನು ಎಳೆಯುತ್ತದೆ. ಸತುವಿನ ಸದ್ದು ಕೂಡಲೇ ಅಡಗುತ್ತದೆ. ಹೊಂಬಣ್ಣದ ಭಾಗಗಳಲ್ಲಿಯೂ ಭೇದವುಂಟು. ಹಿಂದಿನ ಕಾಲದಲ್ಲಿ ಚಿನ್ನವನ್ನು ಪಾದರಸದಲ್ಲಿ ಕಲಸಿ, ಲೋಹಕ್ಕೆ ಬಳಿದು, ಕಾಯಿಸಿ ಗಿಲೀಟು ಮಾಡುತ್ತಿದ್ದರು. ಪಾದರಸದ ಹೊಗೆ ಕುಡಿದ ಕುಶಲಕರ್ಮಿಗಳ ಆಯುಸ್ಸು ಅದರಿಂದ ಮೊಟಕಾಗುತ್ತಿತ್ತು. ಆ ಹೊಳಪಿನ ಹಿಂದೆ ಇಂತಹ ಸಂಕಟವೂ ಅಡಗಿದೆ ಎಂಬುದನ್ನು ಮರೆಯಬಾರದು. ಕಡಿಮೆ ಬೆಲೆಯ ಗಡಿಯಾರಗಳಲ್ಲಿ ಬರಿಯ ಹಿತ್ತಾಳೆಗೆ ಅರಗಿನ ವಾರ್ನಿಷು ಬಳಿದಿರುತ್ತಾರೆ.

ಮರದ ಕವಚವಾದರೆ ಶತ್ರುಗಳು ಎರಡು: ಹುಳು ಮತ್ತು ತೇವ. ಸೂಜಿಮೊನೆಯಷ್ಟು ರಂಧ್ರಗಳಿದ್ದು, ಕೆಳಗೆ ಹಿಟ್ಟಿನಂತಹ ಪುಡಿ ಉದುರಿದ್ದರೆ ಕುಟ್ಟೆಹುಳು ಇನ್ನೂ ಜೀವಂತವಾಗಿದೆ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಮಂಜಿಗೂ ಬೇಸಿಗೆಯ ಬಿಸಿಲಿಗೂ ಮರ ಹಿಗ್ಗಿ ಕುಗ್ಗುವುದರಿಂದ, ಮೇಲೆ ಅಂಟಿಸಿದ ತೆಳುಹಲಗೆ ಏಳುತ್ತದೆ. ಏಳುವುದು ದೊಡ್ಡ ದೋಷವಲ್ಲ, ಅಂಟಿಸಬಹುದು; ಚೂರು ಕಳೆದುಹೋಗಿದ್ದರೆ ಮಾತ್ರ ನಷ್ಟ.

ಮುಖಫಲಕವು ಗಡಿಯಾರದ ಮುಖವೇ ಸರಿ. ಉತ್ತಮ ಗಡಿಯಾರಗಳಲ್ಲಿ ತಾಮ್ರದ ತಗಡಿನ ಮೇಲೆ ಗಾಜಿನ ಪುಡಿಯನ್ನು ಹರಡಿ, ಕುಲುಮೆಯಲ್ಲಿ ಕರಗಿಸಿ ಫಲಕವನ್ನು ಮಾಡಿರುತ್ತಾರೆ. ಅದು ಬಣ್ಣಗೆಡುವುದಿಲ್ಲ, ಆದರೆ ಪೆಟ್ಟು ತಗುಲಿದರೆ ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಕೀಲಿ ಕೊಡುವ ರಂಧ್ರದ ಅಂಚಿನಲ್ಲಿ ಚೂರು ಹಾರಿರುವುದು ಸಾಮಾನ್ಯ. ಅಂತಹ ಬಿರುಕಿಗೆ ಬೆಲೆ ಸ್ವಲ್ಪ ಇಳಿಯಬಹುದು. ಅದನ್ನು ಮುಚ್ಚಲು ಯಾರಾದರೂ ಬಿಳಿಯ ಬಣ್ಣ ಬಳಿದಿದ್ದರೆ ಇನ್ನೂ ಹೆಚ್ಚು ಇಳಿಯುತ್ತದೆ. ಕತ್ತಲಲ್ಲಿ ಹೊಳೆಯುವ ಅಂಕಿಗಳುಳ್ಳ ಇಪ್ಪತ್ತನೆಯ ಶತಮಾನದ ಮೊದಲರ್ಧದ ಗಡಿಯಾರವಾದರೆ ಆ ಬಣ್ಣವನ್ನು ಕೆರೆಯಲೇ ಕೂಡದು. ಅದರಲ್ಲಿ ರೇಡಿಯಂ ಇರುವ ಸಂಭವವುಂಟು.

ಮೂರನೆಯ ಹೆಜ್ಜೆ ಯಂತ್ರಭಾಗದ ಪರೀಕ್ಷೆ. ಮುಖದಲ್ಲಿ ಕೀಲಿಗೆ ಎರಡು ರಂಧ್ರಗಳಿದ್ದರೆ ಒಳಗೆ ಎರಡು ಸುರುಳಿ ಸ್ಪ್ರಿಂಗುಗಳಿವೆ ಎಂದು ತಿಳಿಯಬೇಕು. ಒಂದು ಮುಳ್ಳುಗಳನ್ನು ನಡೆಸುತ್ತದೆ. ಇನ್ನೊಂದು ಗಂಟೆಯನ್ನು ಬಾರಿಸುತ್ತದೆ. ಸ್ಪ್ರಿಂಗಿನ ಬಲ ಹಲ್ಲುಚಕ್ರಗಳ ಸಾಲಿನಲ್ಲಿ ಹರಿದು ಕೊನೆಯ ಚಕ್ರಕ್ಕೆ ಬರುತ್ತದೆ. ಹಡಗಿನ ಲಂಗರಿನಂತಹ ಉಕ್ಕಿನ ತುಂಡೊಂದು ಆ ಚಕ್ರವನ್ನು ತಡೆದು, ಲೋಲಕದ ಒಂದೊಂದು ತೂಗಿಗೆ ಒಂದೊಂದು ಹಲ್ಲನ್ನು ಬಿಡುತ್ತದೆ. ಕೇಳಿಬರುವ ಟಿಕ್ ಟಿಕ್ ಸದ್ದು ಆ ತಡೆಯ ಸದ್ದು. ಸುಮಾರು 25 ಸೆಂಟಿಮೀಟರ್ ಉದ್ದದ ಲೋಲಕವು ಸೆಕೆಂಡಿಗೆ ಎರಡು ಬಾರಿ ಸದ್ದು ಮಾಡುತ್ತದೆ. ದಿನಕ್ಕೆ 1,72,800 ಬಾರಿ. ಅರ್ಧ ಗಂಟೆಗೆ ಒಂದು ಹೊಡೆತವನ್ನೂ ಸೇರಿಸಿದರೆ ಗಡಿಯಾರವು ದಿನಕ್ಕೆ 180 ಸಲ ಗಂಟೆ ಬಾರಿಸುತ್ತದೆ. ನೂರು ವರ್ಷ ಹೀಗೆ ದುಡಿದ ಯಂತ್ರದಲ್ಲಿ ಸವೆತವಿಲ್ಲದಿರುವುದು ಹೇಗೆ ಸಾಧ್ಯ?

ಸವೆತವನ್ನು ಕಾಣುವುದು ಅಚ್ಚುಗಳ ತುದಿಯಲ್ಲಿ. ಹಿತ್ತಾಳೆಯ ಫಲಕದಲ್ಲಿ ಅಚ್ಚು ತಿರುಗುವ ರಂಧ್ರ ಮೊದಲು ದುಂಡಾಗಿರುತ್ತದೆ. ಸವೆದಂತೆ ಮೊಟ್ಟೆಯಾಕಾರ ತಾಳುತ್ತದೆ. ಆಗ ಚಕ್ರಗಳು ಓರೆಯಾಗಿ, ಹಲ್ಲುಗಳು ಸರಿಯಾಗಿ ಕೂಡದೆ, ಗಡಿಯಾರ ನಿಲ್ಲುತ್ತದೆ. ಬಲ್ಲ ಕೆಲಸಗಾರನು ರಂಧ್ರವನ್ನು ಕೊರೆದು ಹೊಸ ಬುಶ್ ಕೂರಿಸುತ್ತಾನೆ. ಬಲ್ಲದವನು ರಂಧ್ರದ ಸುತ್ತ ಉಳಿಯಿಂದ ಗುದ್ದಿ ಲೋಹವನ್ನು ಒತ್ತಿಸುತ್ತಾನೆ. ಅಂತಹ ಗುದ್ದಿನ ಗುರುತುಗಳನ್ನು ಕಂಡರೆ ಗಡಿಯಾರದ ಮೌಲ್ಯ ಕುಗ್ಗುತ್ತದೆ. ಸ್ಪ್ರಿಂಗಿನೊಳಗೆ ಅಡಗಿರುವ ಬಲ ಕೈಯನ್ನು ಗಾಯಗೊಳಿಸುವಷ್ಟಿರುತ್ತದೆ. ಆದ್ದರಿಂದ ತಿಳಿಯದವರು ಫಲಕಗಳನ್ನು ಬಿಚ್ಚಬಾರದು.

ಮನೆಯಲ್ಲಿ ಮಾಡುವ ಉಪಚಾರಗಳಿಂದಲೇ ಗಡಿಯಾರಗಳು ಹೆಚ್ಚು ಕೆಡುತ್ತವೆ ಎಂದರೆ ಅತಿಶಯವಲ್ಲ. ಗಡಿಯಾರ ನಿಂತಾಗ ಕೊಬ್ಬರಿ ಎಣ್ಣೆ ಬಿಡುವ ವಾಡಿಕೆಯುಂಟು. ಈ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಗುಂಡ್ಲುಪೇಟೆಯ ಮಾಗಿಯ ಬೆಳಗಿನಲ್ಲಿ ಸೀಸೆಯೊಳಗೆ ಗಟ್ಟಿಯಾಗುವ ಎಣ್ಣೆ, ಗಡಿಯಾರದೊಳಗೆ ಮಾತ್ರ ಹರಿಯುವುದೇ? ಅದು ಧೂಳನ್ನೂ ಹಿತ್ತಾಳೆಯ ಚೂರ್ಣವನ್ನೂ ಹೀರಿ ಕಪ್ಪು ಅಂಟಾಗಿ, ಮರಳುಕಾಗದದಂತೆ ಅಚ್ಚನ್ನು ತಿನ್ನುತ್ತದೆ. ಹಬ್ಬದ ಮುನ್ನಾದಿನ ದೀಪದ ಕಂಬಗಳೊಡನೆ ಗಡಿಯಾರದ ಹಿತ್ತಾಳೆಯನ್ನೂ ಹುಣಸೆಹುಳಿಯಿಂದ ಉಜ್ಜುವುದು ಇನ್ನೊಂದು ತಪ್ಪು. ಹುಳಿ ಗಿಲೀಟನ್ನು ಕಿತ್ತು, ಸಂದಿಯಲ್ಲಿ ಉಳಿದು, ಹಸಿರು ಕಿಲುಬನ್ನು ಬೆಳೆಸುತ್ತದೆ. ಕಾಲವು ಲೋಹದ ಮೇಲೆ ತಂದ ಮಾಸಲು ಛಾಯೆಯು ಹಳಮೆಯ ಸಾಕ್ಷಿ. ಅದನ್ನು ಉಜ್ಜಿ ತೆಗೆದವನು ಸಾಕ್ಷಿಯನ್ನೇ ಅಳಿಸಿದಂತೆ.

ನಾಲ್ಕನೆಯ ಹೆಜ್ಜೆ ನಡಿಗೆಯ ಪರೀಕ್ಷೆ. ಗಡಿಯಾರವನ್ನು ಸಮತಟ್ಟಾದ ಜಾಗದಲ್ಲಿಟ್ಟು ಕಿವಿಗೊಡಬೇಕು. ಎರಡು ಸದ್ದುಗಳ ನಡುವಣ ಅಂತರ ಸಮನಾಗಿದ್ದರೆ ನಡಿಗೆ ಸರಿಯಾಗಿದೆ. ಕುಂಟುವವನ ಹೆಜ್ಜೆಯಂತೆ ಒಂದು ಉದ್ದ, ಒಂದು ಗಿಡ್ಡವಾದರೆ ಬೇಗ ನಿಲ್ಲುತ್ತದೆ. ಒಂದು ಮಗ್ಗುಲಿಗೆ ನಾಣ್ಯವೊಂದನ್ನು ಒತ್ತಿಟ್ಟರೆ ಎಷ್ಟೋ ವೇಳೆ ಈ ಕುಂಟು ಮಾಯವಾಗುತ್ತದೆ. ಕೆಟ್ಟಿದೆಯೆಂದು ಮೂಲೆಗೆ ತಳ್ಳಿದ ಗಡಿಯಾರ ಬರಿಯ ಓರೆ ಹಲಗೆಯಿಂದ ನಿಂತಿರಬಹುದು. ಬಳಿಕ ಎಂಟು ದಿನ ನಡೆಸಿ, ದಿನವೂ ಎಷ್ಟು ಮುಂದೆ ಅಥವಾ ಹಿಂದೆ ಹೋಯಿತೆಂದು ಬರೆದಿಡಬೇಕು. ದಿನಕ್ಕೆ 5 ನಿಮಿಷ ಹಿಂದೆ ಬೀಳುವುದು ರೋಗವಲ್ಲ. 25 ಸೆಂಟಿಮೀಟರಿನ ಲೋಲಕವನ್ನು ಸುಮಾರು 1.7 ಮಿಲಿಮೀಟರಿನಷ್ಟು ಗಿಡ್ಡ ಮಾಡಿದರೆ ಅದು ಸರಿಹೋಗುತ್ತದೆ. ಒಂದು ದಿನ ಮುಂದೆ, ಒಂದು ದಿನ ಹಿಂದೆ ಹೋಗುವುದಾದರೆ ಮಾತ್ರ ಒಳಗೆ ದೋಷವಿದೆ.

ಇಷ್ಟೆಲ್ಲ ತಿಳಿದ ಮೇಲೆ ಬೆಲೆಯ ಮಾತು. ಬೆಲೆಯನ್ನು ನಿರ್ಧರಿಸುವುದು ವಯಸ್ಸೊಂದೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರ್ಖಾನೆಗಳು ಇಂತಹ ಗಡಿಯಾರಗಳನ್ನು ಅಪಾರ ಸಂಖ್ಯೆಯಲ್ಲಿ ಮಾಡಿದ್ದರಿಂದ, ನೂರು ವರ್ಷ ದಾಟಿದ್ದೆಲ್ಲ ಅಪರೂಪವಲ್ಲ. ತಯಾರಕನ ಹೆಸರು, ಕುಶಲತೆ, ಭಾಗಗಳ ಪೂರ್ಣತೆ, ಮೂಲಸ್ವರೂಪ, ಕೊಳ್ಳುವವರ ಆಸಕ್ತಿ ಇವೆಲ್ಲ ಸೇರಿ ಬೆಲೆಯಾಗುತ್ತದೆ. ಇವುಗಳಲ್ಲಿ ಮೂಲಸ್ವರೂಪವೇ ಮುಖ್ಯ. ಹಳೆಯ ಯಂತ್ರವನ್ನು ಕಿತ್ತು ಬ್ಯಾಟರಿಯ ಯಂತ್ರವನ್ನು ಕೂರಿಸಿದ ಗಡಿಯಾರವು ಸಮಯವನ್ನು ಸರಿಯಾಗಿ ತೋರಿಸಿದರೂ ಬೆಲೆಯನ್ನು ಕಳೆದುಕೊಂಡಿರುತ್ತದೆ. ನಿಂತಿದ್ದರೂ ಪೂರ್ಣವಾಗಿರುವ ಗಡಿಯಾರ ಅದಕ್ಕಿಂತ ಮೇಲು. ಒಂದು ಗಡಿಯಾರದ ಕವಚಕ್ಕೆ ಇನ್ನೊಂದರ ಯಂತ್ರವನ್ನು ಜೋಡಿಸಿ ಮಾರುವವರೂ, ಹೊಸ ಎರಕಕ್ಕೆ ಮಸಿ ಹಿಡಿಸಿ ಹಳೆಯದೆನ್ನುವವರೂ ಇದ್ದಾರೆ. ಆದ್ದರಿಂದ ಒಬ್ಬರ ಮಾತಿಗೆ ನಿಲ್ಲದೆ, ಎಲ್ಲ ಭಾಗಗಳ ಚಿತ್ರ ತೆಗೆಸಿ, ಕೊಳ್ಳುವ ಆಸೆಯಿಲ್ಲದ ಬಲ್ಲವರಿಬ್ಬರ ಅಭಿಪ್ರಾಯವನ್ನಾದರೂ ಪಡೆಯುವುದು ಲೇಸು. ನೂರು ವರ್ಷಕ್ಕೆ ಮೇಲ್ಪಟ್ಟ ಕಲಾವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಅನ್ವಯಿಸುವುದರಿಂದ, ಅಂತಹ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ ಎಂಬುದೂ ನೆನಪಿರಬೇಕು.

ಹಣದ ಲೆಕ್ಕಕ್ಕೆ ಸಿಕ್ಕದ ಮೌಲ್ಯವೂ ಒಂದುಂಟು. ಅರಿಕುಠಾರವೆಂಬ ಊರಿನಲ್ಲಿ 1774ರಲ್ಲಿ ಜನಿಸಿದ ಚಾಮರಾಜ ಒಡೆಯರ ಸ್ಮರಣೆಗಾಗಿ, ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ಆ ಊರಿಗೆ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅವರೇ 1861ರಲ್ಲಿ ಮೈಸೂರಿನಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಫ್ರಾನ್ಸಿನ ಗಡಿಯಾರವೊಂದಿದೆ. ಸೆಕೆಂಡುಗಳಿಗೆ ಸರಿಯಾಗಿ ತಮಟೆ ಬಡಿಯುವ ಬೊಂಬೆ, ಗಂಟೆಗೊಮ್ಮೆ ಸಾಲಾಗಿ ಬರುವ ಪುಟ್ಟ ಸೈನಿಕರು ಅದರ ವಿಶೇಷ. ಆ ಗಡಿಯಾರವನ್ನು ನೋಡಲು ನಿಂತ ಜನರಲ್ಲಿ ಸಮಯ ತಿಳಿಯಬೇಕೆಂದು ಬಂದವರು ಯಾರೂ ಇಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ಆರಂಭವಾಗಿ ಮನೆಮನೆಗೂ ಕೈಗಡಿಯಾರವನ್ನು ಒದಗಿಸಿದ ಹೆಚ್.ಎಂ.ಟಿ. ಗಡಿಯಾರದ ಉದ್ಯಮವೂ 2016ರ ಹೊತ್ತಿಗೆ ಮುಚ್ಚಿತು. ಒಮ್ಮೆ ದಿನಬಳಕೆಯದಾಗಿದ್ದ ಅವನ್ನು ಈಗ ಜನ ಹುಡುಕಿ ಸಂಗ್ರಹಿಸುತ್ತಿದ್ದಾರೆ. ಉಪಯೋಗ ಮುಗಿದ ಕಡೆ ನೆನಪಿನ ಬೆಲೆ ಆರಂಭವಾಗುತ್ತದೆ.

ಮತ್ತೆ ಆ ತೊಟ್ಟಿಮನೆಗೆ ಬರೋಣ. ಸಾಮಾನು ಕೊಳ್ಳುವವನನ್ನು ಹಿಂದಕ್ಕೆ ಕಳಿಸಿ, ತಾತನೂ ಮೊಮ್ಮಗನೂ ಗಡಿಯಾರವನ್ನು ಬೆಳಕಿಗೆ ತಂದು ಪರೀಕ್ಷಿಸಿದರೆ ಅವರಿಗೆ ಕಾಣುವುದೇನು? ಕಲ್ಲೆಂದು ನಂಬಿದ್ದು ಬಣ್ಣ ಬಳಿದ ಕಬ್ಬಿಣ. ಕಂಚಿನ ವೀರ ಸತುವಿನವನು. ಆದ್ದರಿಂದ ಲಕ್ಷದ ಮಾತು ಸುಳ್ಳು. ಆದರೆ ಯಂತ್ರ ಮೂಲದ್ದು, ಫಲಕದಲ್ಲಿ ಒಂದೇ ಬಿರುಕು, ಹಲ್ಲುಗಳು ಅಖಂಡ. ಆದ್ದರಿಂದ ತೂಕದ ಲೆಕ್ಕದಲ್ಲಿ ಕೊಡುವುದು ಅನ್ಯಾಯ. ಹಿಂದಿನ ಬಾಗಿಲಿನ ಒಳಮೈಯಲ್ಲಿ ಸೀಸದಕಡ್ಡಿಯಿಂದ ಬರೆದ ಸಣ್ಣ ಬರಹಗಳೂ ಕಾಣುತ್ತವೆ. ಒಂದೊಂದು ಸಲ ಶುಚಿಮಾಡಿದಾಗಲೂ ರಿಪೇರಿಯವನು ಬರೆದಿಟ್ಟ ತಾರೀಖುಗಳು ಅವು. ಅವುಗಳಲ್ಲೊಂದು ಯಜಮಾನರ ಮದುವೆ ನಡೆದ ತಿಂಗಳಿನದು. ಚಪ್ಪರ ಹಾಕಿಸುವ ಗಡಿಬಿಡಿಯಲ್ಲಿಯೂ ಅಜ್ಜ ಗಡಿಯಾರವನ್ನು ಚಾಮರಾಜನಗರಕ್ಕೆ ಹೊತ್ತುಕೊಂಡು ಹೋಗಿದ್ದು ಅವರಿಗೆ ಆಗ ನೆನಪಾಗುತ್ತದೆ.

ಮನೆಯ ಹೆಂಚಿಗಾಗಿ ಆ ಗಡಿಯಾರವನ್ನು ಅವರು ಮಾರಬಹುದು, ಇಟ್ಟುಕೊಳ್ಳಲೂ ಬಹುದು, ಎರಡೂ ತಪ್ಪಲ್ಲ. ಮಳೆಯಲ್ಲಿ ಸೋರುವ ಮನೆಯವರಿಗೆ ಹಳೆಯ ವಸ್ತುವನ್ನು ಕಾಪಾಡಿರೆಂದು ಉಪದೇಶಿಸುವುದು ಸುಲಭ. ಆದರೆ ಕೊಡುವವನಿಗೆ ತಾನು ಕೊಡುತ್ತಿರುವುದೇನೆಂಬ ಅರಿವಿರಬೇಕು. ಇಟ್ಟುಕೊಳ್ಳುವವನಿಗೆ ಇಟ್ಟುಕೊಂಡದ್ದನ್ನು ಕೆಡಿಸದಿರುವ ವಿವೇಕವಿರಬೇಕು. ಅರಿಯದೆ ಮಾರಿದ ವಸ್ತುವನ್ನು ಮತ್ತೆ ತರಲಾಗದು. ಅರಿಯದೆ ಉಜ್ಜಿ ಕಳೆದ ಹಳಮೆಯನ್ನೂ ಮತ್ತೆ ಹಚ್ಚಲಾಗದು. ವಸ್ತುವಿನ ಬೆಲೆಯನ್ನು ತಾಳ್ಮೆಯಿಂದ ತಿಳಿದವನನ್ನು ಆಸೆಯೂ ಅವಸರವೂ ಸುಲಭವಾಗಿ ಮೋಸಗೊಳಿಸಲಾರವು.